ಕಾರ್ಡ್ ಹೋಗಿದೆ ಎನ್ನುವ ಮುನ್ನ: ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಒಂದು ಬಹಿರಂಗ ಪತ್ರ

ಕಂಪ್ಯೂಟರ್ ಸರ್ವಿಸ್ ಅಂಗಡಿಗಳ ತಂತ್ರಜ್ಞರಿಗೆ, ಶಾಲೆ-ಕಾಲೇಜುಗಳ ಲ್ಯಾಬ್ ಸಹಾಯಕರಿಗೆ, ಕಚೇರಿಗಳಲ್ಲಿ ‘ಸಿಸ್ಟಮ್ ನೋಡಿಕೊಳ್ಳುವ’ ಎಲ್ಲರಿಗೆ,



ಯುಎಸ್‌ಬಿ ಕಂಟ್ರೋಲರ್ ಕಾರ್ಡ್ ಎಂಬುದು ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಕೂತು, ಕ್ಯಾಬಿನೆಟ್ಟಿನ ಹಿಂಬದಿಗೆ ಎರಡೋ ನಾಲ್ಕೋ ಹೆಚ್ಚುವರಿ ಪೋರ್ಟುಗಳನ್ನು ಕೊಡುವ ಸಣ್ಣ ಕಾರ್ಡ್. ಮದರ್‌ಬೋರ್ಡಿನ ಸ್ವಂತ ಪೋರ್ಟುಗಳು ಸುಟ್ಟುಹೋದಾಗ, ಇಲ್ಲವೇ ಹಳೆಯ ಸಿಸ್ಟಮ್ಮಿಗೆ ನೀಲಿ ಬಣ್ಣದ ವೇಗದ ಪೋರ್ಟು ಬೇಕಾದಾಗ ಇದನ್ನು ಹಾಕಿಸುತ್ತಾರೆ. ಇದು ಕೈಕೊಟ್ಟಾಗ ಗ್ರಾಹಕರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಪೆನ್‌ಡ್ರೈವ್ ತಗೊಳ್ತಿಲ್ಲ.’ ಅಂಗಡಿಯಲ್ಲಿ ನಡೆಯುವ ಉಪಚಾರವೂ ಬಹುಪಾಲು ಒಂದೇ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ಡ್ರೈವರ್ ತುಂಬುವುದು, ಆಗದಿದ್ದರೆ ವಿಂಡೋಸ್ ಫಾರ್ಮ್ಯಾಟ್ ಹೊಡೆಯುವುದು, ಅದಕ್ಕೂ ಬಗ್ಗದಿದ್ದರೆ ‘ಕಾರ್ಡ್ ಹೋಗಿದೆ’ ಎಂದು ಹೊಸದನ್ನು ಹಾಕುವುದು. ಈ ಕ್ರಮ ತಲೆಕೆಳಗಾಗಿದೆ. ಡ್ರೈವರ್ ತುಂಬುವ ಮೊದಲು ನೋಡಬೇಕಾದದ್ದು ಬಹಳಷ್ಟಿದೆ. ಇನ್ನು ಫಾರ್ಮ್ಯಾಟ್ ಎಂಬುದು ಈ ದೋಷದ ಮಟ್ಟಿಗೆ ತೀರಾ ಅಪರೂಪಕ್ಕೆ ಬೇಕಾಗುವ ಕೊನೆಯ ಕೆಲಸ. ಅದನ್ನು ಮೊದಲ ಅರ್ಧ ಗಂಟೆಯಲ್ಲೇ ಮಾಡಿ ಮುಗಿಸಿದರೆ ಗ್ರಾಹಕರ ಕಡತಗಳ ಜೊತೆಗೆ ದೋಷದ ಸುಳಿವೂ ಅಳಿಸಿಹೋಗುತ್ತದೆ.

ಪೆನ್‌ಡ್ರೈವಿನಿಂದ ವಿಂಡೋಸ್‌ವರೆಗಿನ ದಾರಿಯಲ್ಲಿ ಹಲವು ಕೊಂಡಿಗಳಿವೆ. ಸಾಧನ, ಕೇಬಲ್, ಪೋರ್ಟು, ಪೋರ್ಟಿಗೆ ಬರುವ 5 ವೋಲ್ಟ್ ವಿದ್ಯುತ್ತು, ಕಾರ್ಡಿನ ಮೇಲಿನ ಚಿಪ್, ಅದರೊಳಗಿನ ಫರ್ಮ್‌ವೇರ್, ಕಾರ್ಡ್ ಕೂತ ಸ್ಲಾಟ್, ಬಯೋಸ್, ಡ್ರೈವರ್, ಅದರ ಮೇಲೆ ಕಾರ್ಯಾಚರಣ ವ್ಯವಸ್ಥೆ. ಇವುಗಳಲ್ಲಿ ಯಾವುದು ತಪ್ಪಿದರೂ ಹೊರಗೆ ಕಾಣುವ ಲಕ್ಷಣ ಒಂದೇ ಥರ ಇರುತ್ತದೆ. ಈ ಸರಪಣಿಯನ್ನು ನಡುವಿಗೆ ಸರಿಯಾಗಿ ಎರಡು ಮಾಡುವ ಒಂದು ಪ್ರಶ್ನೆಯಿದೆ: ಕಂಪ್ಯೂಟರಿಗೆ ಕಾರ್ಡ್ ಕಾಣುತ್ತಿದೆಯೇ? ಪೋರ್ಟಿಗೆ ಹಾಕಿದ ಪೆನ್‌ಡ್ರೈವಿನ ಮಾತಲ್ಲ, ಕಾರ್ಡಿನದೇ ಮಾತು. ಕಾಣುತ್ತಿಲ್ಲವಾದರೆ ಡ್ರೈವರಿನ ಮಾತೇ ಏಳುವುದಿಲ್ಲ. ಸ್ಲಾಟು, ಬಯೋಸ್, ಚಿಪ್ಪುಗಳ ಕಡೆ ನೋಡಬೇಕು. ಕಾಣುತ್ತಿದ್ದರೆ ಸ್ಲಾಟಿನ ತನಕದ ದಾರಿ ಬಹುಮಟ್ಟಿಗೆ ಸರಿಯಿದೆ ಎಂದಾಯಿತು. ದೋಷ ಡ್ರೈವರಿನಲ್ಲಿರಬೇಕು, ಫರ್ಮ್‌ವೇರಿನಲ್ಲಿರಬೇಕು, ಇಲ್ಲವೇ ಪೋರ್ಟಿನಲ್ಲಿ, ಅದರ ವಿದ್ಯುತ್ತಿನಲ್ಲಿ ಅಥವಾ ಅದರ ಆಚೆಗಿರಬೇಕು.

ಈ ಪ್ರಶ್ನೆಗೆ ಉತ್ತರ ಡಿವೈಸ್ ಮ್ಯಾನೇಜರಿನಲ್ಲಿ ಸಿಗುತ್ತದೆ. ಆದರೆ ಅಲ್ಲಿ ಕಾಣುವ ಹೆಸರುಗಳು ಗೊಂದಲ ಹುಟ್ಟಿಸುವುದುಂಟು. ಅದಕ್ಕೆ ಇತಿಹಾಸವೇ ಕಾರಣ. 1996ರಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಬಂದಾಗ ಕಂಟ್ರೋಲರ್ ಚಿಪ್ಪಿಗೂ ಸಾಫ್ಟ್‌ವೇರಿಗೂ ನಡುವಿನ ಒಪ್ಪಂದಗಳು ಎರಡಿದ್ದವು. ಇಂಟೆಲ್ ಮಾಡಿದ್ದು ಯುಎಚ್‌ಸಿಐ. ಕಾಂಪ್ಯಾಕ್, ಮೈಕ್ರೋಸಾಫ್ಟ್, ನ್ಯಾಷನಲ್ ಸೆಮಿಕಂಡಕ್ಟರ್ ಸೇರಿ ಮಾಡಿದ್ದು ಓಎಚ್‌ಸಿಐ. 2000ದಲ್ಲಿ ಸೆಕೆಂಡಿಗೆ 480 ಮೆಗಾಬಿಟ್ ವೇಗದ ಯುಎಸ್‌ಬಿ 2.0 ಬಂತು. ಅದರ ಇಎಚ್‌ಸಿಐ ಕಂಟ್ರೋಲರಿಗೆ ವೇಗದ ಸಾಧನಗಳನ್ನು ಬಿಟ್ಟರೆ ಬೇರೆಯವುಗಳೊಡನೆ ನೇರವಾಗಿ ವ್ಯವಹರಿಸಲು ಬಾರದು. ಹೀಗಾಗಿ ಮೌಸ್, ಕೀಬೋರ್ಡುಗಳಂಥ ನಿಧಾನದ ಸಾಧನಗಳಿಗೆಂದು ಹಳೆಯ ಥರದ ಕಂಟ್ರೋಲರುಗಳನ್ನೂ ಅದೇ ಚಿಪ್ಪಿನೊಳಗೆ ಕೂರಿಸಿದರು. ಆ ಕಾಲದ ಒಂದೇ ಒಂದು ಎನ್‌ಇಸಿ ಅಥವಾ ವಿಯಾ ಕಾರ್ಡ್ ಡಿವೈಸ್ ಮ್ಯಾನೇಜರಿನಲ್ಲಿ ಮೂರು ಕಂಟ್ರೋಲರುಗಳಾಗಿ ಕಾಣುವುದು ಇದಕ್ಕೇ. ಅದರಲ್ಲಿ ಇಎಚ್‌ಸಿಐ ಒಂದಕ್ಕೆ ಮಾತ್ರ ಹಳದಿ ಗುರುತು ಬಿದ್ದರೆ ಮೌಸ್ ಓಡುತ್ತದೆ, ಪೆನ್‌ಡ್ರೈವ್ ಆಮೆಯ ವೇಗದಲ್ಲಿ ತೆವಳುತ್ತದೆ. ಕಾರ್ಡ್ ಅರ್ಧ ಕೆಟ್ಟಿದೆ ಎಂದು ತೋರುವ ಈ ಸ್ಥಿತಿ ನಿಜದಲ್ಲಿ ಒಂದು ಡ್ರೈವರ್ ಇಲ್ಲದ ಸ್ಥಿತಿ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗ ಅದರಲ್ಲಿ ಯುಎಸ್‌ಬಿ 2.0ರ ಡ್ರೈವರ್ ಇರಲಿಲ್ಲ. ಮರುವರ್ಷದ ಮೊದಲ ಸರ್ವಿಸ್ ಪ್ಯಾಕ್ ಹಾಕಿದ ಮೇಲೆಯೇ ಅದು ಸರಿಹೋಗುತ್ತಿತ್ತು.

2008ರಲ್ಲಿ ಯುಎಸ್‌ಬಿ 3.0 ಬಂದ ಮೇಲೆ ಈ ಕಲಸುಮೇಲೋಗರ ತಪ್ಪಿತು. ಎಕ್ಸ್‌ಎಚ್‌ಸಿಐ ಎಂಬ ಹೊಸ ಒಪ್ಪಂದದ ಕಂಟ್ರೋಲರ್ ಎಲ್ಲ ವೇಗದ ಸಾಧನಗಳನ್ನೂ ತಾನೊಂದೇ ನಿಭಾಯಿಸುತ್ತದೆ. ಆದರೆ ಡ್ರೈವರಿನ ತೊಡಕು ಬೇರೆ ರೂಪದಲ್ಲಿ ಮರಳಿತು. ಲಿನಕ್ಸ್ ಕರ್ನಲ್ 2009ರಲ್ಲೇ ಎಕ್ಸ್‌ಎಚ್‌ಸಿಐ ಡ್ರೈವರನ್ನು ಒಳಗೊಂಡಿತು. ಅದೇ ವರ್ಷ ಮಾರುಕಟ್ಟೆಗೆ ಬಂದ ವಿಂಡೋಸ್ 7ರಲ್ಲಿ ಮಾತ್ರ ಅದು ಇರಲಿಲ್ಲ. ಮೈಕ್ರೋಸಾಫ್ಟ್ ತನ್ನದೇ ಡ್ರೈವರನ್ನು ಕೊಟ್ಟದ್ದು 2012ರ ವಿಂಡೋಸ್ 8ರಲ್ಲಿ. ಆದ್ದರಿಂದ ವಿಂಡೋಸ್ 7ರ ಸಿಸ್ಟಮ್ಮಿಗೆ ಕಾರ್ಡ್ ತಯಾರಿಸಿದವರ ಡ್ರೈವರ್ ಬೇಕೇ ಬೇಕು. ವಿಂಡೋಸ್ 10, 11ರ ಸಿಸ್ಟಮ್ಮಿಗೆ ಸಾಮಾನ್ಯವಾಗಿ ಬೇಡವೇ ಬೇಡ. ಕಾರ್ಡಿನ ಜೊತೆ ಬಂದ ಪುಟ್ಟ ಸಿ.ಡಿ.ಯನ್ನು ವಿಂಡೋಸ್ 10ಕ್ಕೆ ತುಂಬಲು ಹೋಗಿ, ಸರಿಯಿದ್ದದ್ದನ್ನು ಕೆಡಿಸಿಕೊಂಡ ಸಿಸ್ಟಮ್ಮುಗಳು ಸರ್ವಿಸ್ ಮೇಜಿಗೆ ಬರುವುದುಂಟು. ಆ ಸಿ.ಡಿ. ಬರೆದದ್ದು ಇನ್ನೊಂದು ಕಾಲಕ್ಕೆ.

ಇಲ್ಲಿ ಒಂದು ತಾರೀಕಿನ ವಿಷಯ ಹೇಳಬೇಕು. ಡ್ರೈವರಿನ ಪ್ರಾಪರ್ಟೀಸ್ ತೆರೆದರೆ ಮೈಕ್ರೋಸಾಫ್ಟಿನ ಅನೇಕ ಡ್ರೈವರುಗಳ ಮುಂದೆ 21-6-2006 ಎಂಬ ದಿನಾಂಕ ಕಾಣುತ್ತದೆ. ಅದನ್ನು ನೋಡಿ ‘ಡ್ರೈವರ್ ಓಬೀರಾಯನ ಕಾಲದ್ದು, ಅಪ್‌ಡೇಟ್ ಮಾಡಬೇಕು’ ಎಂದು ತೀರ್ಮಾನಿಸುವವರು ಬಹಳ. ಆ ದಿನಾಂಕವನ್ನು ಮೈಕ್ರೋಸಾಫ್ಟ್ ಬೇಕೆಂದೇ ಹಾಗೆ ಇಟ್ಟಿದೆ. ತಯಾರಕರು ಕೊಡುವ ನಿರ್ದಿಷ್ಟ ಡ್ರೈವರ್ ಯಾವುದಿದ್ದರೂ ಅದು ಇದಕ್ಕಿಂತ ಹೊಸದೆಂದು ಎಣಿಕೆಯಾಗಲಿ, ವಿಂಡೋಸ್ ತನ್ನ ಸಾಮಾನ್ಯ ಡ್ರೈವರನ್ನು ಅದರ ಮೇಲೆ ಹೇರದಿರಲಿ ಎಂಬುದು ಉದ್ದೇಶ. ನೋಡಬೇಕಾದದ್ದು ದಿನಾಂಕವನ್ನಲ್ಲ, ಅದರ ಕೆಳಗಿನ ಆವೃತ್ತಿಯ ಸಂಖ್ಯೆಯನ್ನು.

ಕಾರ್ಡಿನ ನಿಜವಾದ ಗುರುತು ಅದರ ಡಬ್ಬಿಯ ಮೇಲಿನ ಹೆಸರಲ್ಲ. ಒಂದೇ ಹೆಸರಿನ, ಒಂದೇ ಡಬ್ಬಿಯ ಎರಡು ಕಾರ್ಡುಗಳಲ್ಲಿ ಬೇರೆಬೇರೆ ಕಂಪನಿಯ ಚಿಪ್ ಇರಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನದ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ವಿಭಾಗದಲ್ಲಿ ಹಾರ್ಡ್‌ವೇರ್ ಐಡಿ ಎಂಬುದನ್ನು ಆರಿಸಿದರೆ ‘ವೆನ್’ ಎಂಬುದರ ಮುಂದೆ ನಾಲ್ಕು ಅಂಕಿ, ‘ಡೆವ್’ ಎಂಬುದರ ಮುಂದೆ ನಾಲ್ಕು ಅಂಕಿ ಸಿಗುತ್ತವೆ. ಮೊದಲನೆಯದು ಚಿಪ್ ಮಾಡಿದ ಕಂಪನಿ, ಎರಡನೆಯದು ಚಿಪ್ಪಿನ ಮಾದರಿ. 1033 ಇದ್ದರೆ ಎನ್‌ಇಸಿ, 1912 ಇದ್ದರೆ ಅದರ ಉತ್ತರಾಧಿಕಾರಿ ರೆನೆಸಾಸ್, 1106 ಎಂದರೆ ವಿಯಾ, 1ಬಿ21 ಎಂದರೆ ಎಎಸ್‌ಮೀಡಿಯಾ, 1ಬಿ73 ಫ್ರೆಸ್ಕೊ ಲಾಜಿಕ್, 1ಬಿ6ಎಫ್ ಈಟ್ರಾನ್, 104ಸಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. 8086 ಕಂಡರೆ ಅದು ಕಾರ್ಡ್ ಅಲ್ಲ, ಮದರ್‌ಬೋರ್ಡಿನದೇ ಇಂಟೆಲ್ ಕಂಟ್ರೋಲರ್ ಎಂದು ತಿಳಿಯಬಹುದು. ಇಂಟೆಲ್ ತನ್ನ 1978ರ ಪ್ರೊಸೆಸರಿನ ಸಂಖ್ಯೆಯನ್ನೇ ಇಲ್ಲಿ ಗುರುತಾಗಿ ಇಟ್ಟುಕೊಂಡಿದೆ. ಕಾರ್ಡಿಗೆ ಡ್ರೈವರೇ ಇಲ್ಲದಿದ್ದರೂ, ಅದು ‘ಅಪರಿಚಿತ ಸಾಧನ’ ಎಂದೇ ಕಂಡರೂ ಈ ಸಂಖ್ಯೆ ಸಿಗುತ್ತದೆ, ಏಕೆಂದರೆ ಇದನ್ನು ಹೇಳುವುದು ಚಿಪ್ಪೇ ಹೊರತು ಡ್ರೈವರ್ ಅಲ್ಲ. ಅದೇ ಐಡಿಗಳ ಪಟ್ಟಿಯಲ್ಲಿ ‘ಸಿಸಿ’ ಎಂಬುದರ ಮುಂದೆ 0ಸಿ03 ಎಂದು ಇದ್ದರೆ ಅದು ಯುಎಸ್‌ಬಿ ಕಂಟ್ರೋಲರ್ ಎಂಬುದು ಖಚಿತ. ಅದರ ಮುಂದಿನ ಎರಡು ಅಂಕಿ 00 ಆದರೆ ಯುಎಚ್‌ಸಿಐ, 10 ಆದರೆ ಓಎಚ್‌ಸಿಐ, 20 ಇಎಚ್‌ಸಿಐ, 30 ಎಕ್ಸ್‌ಎಚ್‌ಸಿಐ. ಇಷ್ಟು ಬರೆದಿಟ್ಟುಕೊಂಡರೆ ಡ್ರೈವರ್ ಹುಡುಕಾಟದ ಅರ್ಧ ಕೆಲಸ ಮುಗಿಯಿತು.

ಕಾರ್ಡ್ ಎಲ್ಲೂ ಕಾಣದಿದ್ದಾಗ ಮಾಡಬೇಕಾದದ್ದು ಹೆಚ್ಚೇನಿಲ್ಲ. ಸಿಸ್ಟಮ್ ಆಫ್ ಮಾಡಿ, ಪವರ್ ಕೇಬಲ್ಲನ್ನೇ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು. ಸಿಸ್ಟಮ್ ಆಫ್ ಆಗಿದ್ದರೂ ಎಸ್‌ಎಂಪಿಎಸ್‌ನಿಂದ ಸ್ಟ್ಯಾಂಡ್‌ಬೈ ವಿದ್ಯುತ್ತು ಬರುತ್ತಲೇ ಇರುವುದರಿಂದ ಬರೀ ಶಟ್‌ಡೌನ್ ಸಾಲದು. ಕಾರ್ಡನ್ನು ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬರಿ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಕಾರ್ಡ್ ತೆಗೆದು ಅದರ ಹೊಂಬಣ್ಣದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಧೂಳು, ಕಪ್ಪು ಕಲೆ, ಕರಾವಳಿಯ ಊರುಗಳಲ್ಲಾದರೆ ಹಸಿರು ಕಿಲುಬು ಕಣ್ಣಿಗೆ ಬೀಳಬಹುದು. ಪೆನ್ಸಿಲ್ ರಬ್ಬರಿನಿಂದ ತಿಕ್ಕುವ ರೂಢಿ ನಮ್ಮಲ್ಲಿ ಎಲ್ಲೆಡೆ ಇದೆ. ಅದು ಕೊಳೆಯ ಜೊತೆ ಚಿನ್ನದ ತೆಳು ಲೇಪವನ್ನೂ ಸವೆಸುತ್ತದೆ, ಅದರ ಪುಡಿ ಸ್ಲಾಟಿನೊಳಗೆ ಸೇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆ ಮೇಲು. ಮರಳಿ ಕೂರಿಸುವಾಗ ಇನ್ನೊಂದು ಸಂಗತಿಯನ್ನು ನೋಡಬೇಕು. ಹಿಂಬದಿಯ ತಗಡನ್ನು ಸ್ಕ್ರೂ ಹಾಕಿ ಬಿಗಿಯುವಾಗ ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಕಾರ್ಡಿನ ಇನ್ನೊಂದು ತುದಿ ಸ್ಲಾಟಿನಿಂದ ಕೂದಲೆಳೆಯಷ್ಟು ಮೇಲೇಳುತ್ತದೆ. ಅಷ್ಟೇ ಸಾಕು, ಕಾರ್ಡ್ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಸ್ಕ್ರೂ ಸಡಿಲಿಸಿ ನೋಡಿದರೆ ಗೊತ್ತಾಗುತ್ತದೆ. ಇದಾದ ಮೇಲೆ ಬೇರೆ ಸ್ಲಾಟಿನಲ್ಲಿ ಹಾಕಬೇಕು. ಕೆಲವು ಮದರ್‌ಬೋರ್ಡುಗಳಲ್ಲಿ ಒಂದು ಎಂ.2 ಎಸ್‌ಎಸ್‌ಡಿ ಹಾಕಿದರೆ ಒಂದು ಸಣ್ಣ ಸ್ಲಾಟ್ ತಾನಾಗಿಯೇ ಬಂದ್ ಆಗುತ್ತದೆ. ಅದು ಬೋರ್ಡಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಬೇರೆ ಸ್ಲಾಟಿನಲ್ಲೂ ಬೇರೆ ಸಿಸ್ಟಮ್ಮಿನಲ್ಲೂ ಕಾಣದ ಕಾರ್ಡ್ ಸತ್ತಿದೆ ಎನ್ನಲು ಅಡ್ಡಿಯಿಲ್ಲ.

ಕಾರ್ಡಿನ ಪೋರ್ಟಿಗೆ ಹಾಕಿದ ಕೀಬೋರ್ಡ್ ಬಯೋಸ್ ಪರದೆಯಲ್ಲಿ ಕೆಲಸ ಮಾಡುವುದಿಲ್ಲ ಎಂಬ ದೂರು ಮಾತ್ರ ಬಹಳ ಸಲ ದೋಷವೇ ಅಲ್ಲ. ಅನೇಕ ಬೋರ್ಡುಗಳ ಬಯೋಸ್ ತನ್ನ ಸ್ವಂತ ಕಂಟ್ರೋಲರನ್ನಷ್ಟೇ ಬಲ್ಲದು. ಹೊರಗಿನಿಂದ ಬಂದ ಕಾರ್ಡಿಗೆ ಜೀವ ಬರುವುದು ಕಾರ್ಯಾಚರಣ ವ್ಯವಸ್ಥೆ ಏರಿದ ಮೇಲೆ. ಇದರ ತಿರುಗುಮುರುಗು ಪ್ರಸಂಗವೊಂದು 2015ರಲ್ಲಿ ಇಂಟೆಲ್‌ನ 100 ಸರಣಿಯ ಚಿಪ್‌ಸೆಟ್ ಬಂದಾಗ ಆಯಿತು. ಆ ಬೋರ್ಡುಗಳಲ್ಲಿ ಹಳೆಯ ಇಎಚ್‌ಸಿಐ ಕಂಟ್ರೋಲರ್ ತೆಗೆದುಹಾಕಿದ್ದರಿಂದ, ಬಯೋಸಿನಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಕೀಬೋರ್ಡ್, ಮೌಸ್ ಎರಡೂ ವಿಂಡೋಸ್ 7ರ ಇನ್‌ಸ್ಟಾಲ್ ಪರದೆ ಬಂದೊಡನೆ ಸ್ತಬ್ಧವಾಗುತ್ತಿದ್ದವು. ಅಲ್ಲಿ ಕೆಟ್ಟದ್ದು ಯಾವುದೂ ಇರಲಿಲ್ಲ, ಡ್ರೈವರ್ ಇರಲಿಲ್ಲ ಅಷ್ಟೇ.

ಇನ್ನು ಎಲ್ಲಕ್ಕಿಂತ ಹೆಚ್ಚು ಕಾರ್ಡುಗಳನ್ನು ಅನ್ಯಾಯವಾಗಿ ಕಸದ ಬುಟ್ಟಿಗೆ ಕಳಿಸುವ ದೋಷ. ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡ್ ಕಾಣುತ್ತದೆ, ಹಳದಿ ಗುರುತಿಲ್ಲ, ‘ಸಾಧನ ಸರಿಯಾಗಿ ಕೆಲಸ ಮಾಡುತ್ತಿದೆ’ ಎಂದೇ ಬರೆದಿದೆ. ಆದರೆ ಪೋರ್ಟಿಗೆ ಏನು ಹಾಕಿದರೂ ಮಿಸುಕಾಡುವುದಿಲ್ಲ, ಪೆನ್‌ಡ್ರೈವಿನ ದೀಪವೂ ಹೊತ್ತುವುದಿಲ್ಲ. ಇದಕ್ಕೆ ಕಾರಣ ಬಹುಮಟ್ಟಿಗೆ ವಿದ್ಯುತ್ತು. ಹಳೆಯ ಪಿಸಿಐ ಸ್ಲಾಟಿನಲ್ಲಿ 5 ವೋಲ್ಟ್ ಬರುತ್ತಿತ್ತು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ 12 ವೋಲ್ಟ್, 3.3 ವೋಲ್ಟ್ ಮಾತ್ರ ಬರುತ್ತವೆ. ಚಿಪ್ಪಿಗೆ 3.3 ಸಾಕು, ಹಾಗಾಗಿ ಅದು ಎಚ್ಚರವಾಗಿದ್ದು ವಿಂಡೋಸಿಗೆ ಉತ್ತರ ಕೊಡುತ್ತದೆ. ಪೋರ್ಟುಗಳಿಗೆ ಬೇಕಾದ 5 ವೋಲ್ಟನ್ನು ಕಾರ್ಡ್ ಬೇರೆಡೆಯಿಂದ ತರಬೇಕು. ಕಾರ್ಡಿನ ಒಳತುದಿಯಲ್ಲಿ ಬಿಳಿ ಬಣ್ಣದ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರ್ ಅಥವಾ ಕಪ್ಪು ಬಣ್ಣದ ಸಾಟಾ ಪವರ್ ಕನೆಕ್ಟರ್ ಕಾಣುವುದು ಅದಕ್ಕಾಗಿ. ಎಸ್‌ಎಂಪಿಎಸ್‌ನಿಂದ ಒಂದು ವೈರು ತಂದು ಅಲ್ಲಿಗೆ ಸಿಕ್ಕಿಸದಿದ್ದರೆ ಚಿಪ್ ಬದುಕಿರುತ್ತದೆ, ಪೋರ್ಟು ಸತ್ತಿರುತ್ತದೆ. ಧೂಳು ಹೊಡೆಯುವಾಗ, ರ್‍ಯಾಮ್ ಬದಲಿಸುವಾಗ ಈ ವೈರು ಕಳಚಿಕೊಂಡು, ಮರಳಿ ಹಾಕಲು ಮರೆತುಹೋಗಿರುತ್ತದೆ. ಎಷ್ಟೇ ಡ್ರೈವರ್ ತುಂಬಿದರೂ ಅದು ಆ ವೈರನ್ನು ಸಿಕ್ಕಿಸಿಕೊಡುವುದಿಲ್ಲ.

ಆ ಕನೆಕ್ಟರೇ ಇಲ್ಲದ ಕಾರ್ಡುಗಳೂ ಇವೆ. ಅವು ಸ್ಲಾಟಿನ 12 ವೋಲ್ಟನ್ನೇ 5ಕ್ಕೆ ಇಳಿಸಿಕೊಳ್ಳುತ್ತವೆ. ಸಣ್ಣ ಸ್ಲಾಟಿನ 12 ವೋಲ್ಟ್ ದಾರಿಯಲ್ಲಿ ಸಿಗುವುದು ಅರ್ಧ ಆಂಪಿಯರ್, ಅಂದರೆ 6 ವ್ಯಾಟ್. ಯುಎಸ್‌ಬಿ 3.0ರ ಪ್ರತಿ ಪೋರ್ಟು 900 ಮಿಲಿಆಂಪಿಯರ್ ಕೊಡಬೇಕು ಎಂಬುದು ನಿಯಮ. ನಾಲ್ಕು ಪೋರ್ಟಿಗೆ 18 ವ್ಯಾಟ್ ಆಯಿತು. ಲೆಕ್ಕ ಕೂಡುವುದಿಲ್ಲ. ಇಂಥ ಕಾರ್ಡಿಗೆ ಮೌಸ್ ಹಾಕಿದರೆ ಓಡುತ್ತದೆ, ಬೆರಳಗುರುತಿನ ಸ್ಕ್ಯಾನರ್ ಕೂಡ ಓಡುತ್ತದೆ. ಪೋರ್ಟಬಲ್ ಹಾರ್ಡ್‌ಡಿಸ್ಕ್ ಹಾಕಿದರೆ ಒಳಗಿನ ತಟ್ಟೆ ತಿರುಗಲು ಶುರುಮಾಡಿ, ನಿಂತು, ಮತ್ತೆ ಶುರುಮಾಡಿ ‘ಟಿಕ್ ಟಿಕ್’ ಸದ್ದು ಬರುತ್ತದೆ. ಆ ಸದ್ದು ಕೇಳಿ ಹಾರ್ಡ್‌ಡಿಸ್ಕ್ ಹೋಯಿತೆಂದು ಹೇಳಿಬಿಡುವುದು ಇನ್ನೂ ದುಬಾರಿ ತಪ್ಪು. ಸ್ವಂತ ಅಡಾಪ್ಟರ್ ಇರುವ ಹಬ್ ಮೂಲಕ ಅದೇ ಡಿಸ್ಕನ್ನು ಹಾಕಿ ನೋಡಿದರೆ ನಿಜ ತಿಳಿಯುತ್ತದೆ.

ಮಲ್ಟಿಮೀಟರ್ ಇದ್ದವರು ಅಳೆದೇ ನೋಡಬಹುದು. ಪೋರ್ಟಿನ ಒಂದನೆಯ ಪಿನ್ 5 ವೋಲ್ಟ್, ನಾಲ್ಕನೆಯದು ಗ್ರೌಂಡ್, ನಡುವಿನ ಎರಡು ದತ್ತಾಂಶದ ದಾರಿಗಳು. ಮೀಟರಿನ ಮೊನೆಯನ್ನು ನೇರವಾಗಿ ಪೋರ್ಟಿನೊಳಗೆ ತುರುಕಿದರೆ ಪಕ್ಕದ ಪಿನ್ನಿಗೆ ತಾಗಿ ಶಾರ್ಟ್ ಆಗುವ ಅಪಾಯವಿದೆ. ಹಳೆಯ ಯುಎಸ್‌ಬಿ ಕೇಬಲ್ ಒಂದನ್ನು ಕತ್ತರಿಸಿ, ಕೆಂಪು-ಕಪ್ಪು ವೈರುಗಳನ್ನು ಹೊರಗೆ ತಂದು ಅಳೆಯುವುದು ಸುರಕ್ಷಿತ. ಕೆಂಪು-ಕಪ್ಪು ಬಣ್ಣದ ಕ್ರಮವನ್ನು ಎಲ್ಲ ಕೇಬಲ್ಲುಗಳೂ ಪಾಲಿಸುವುದಿಲ್ಲವಾದ್ದರಿಂದ ಮೊದಲು ಸರಿಯಿರುವ ಪೋರ್ಟಿಗೆ ಹಾಕಿ ಖಾತರಿ ಮಾಡಿಕೊಳ್ಳಬೇಕು. ಖಾಲಿ ಪೋರ್ಟಿನಲ್ಲಿ 5 ವೋಲ್ಟ್ ತೋರಿಸಿದರೆ ಸಮಾಧಾನಪಡುವಂತಿಲ್ಲ. ಪಕ್ಕದ ಪೋರ್ಟಿಗೆ ಹಾರ್ಡ್‌ಡಿಸ್ಕ್ ಹಾಕಿದಾಗ ಅದು 4.75ಕ್ಕಿಂತ ಕೆಳಗೆ ಕುಸಿದರೆ ವಿದ್ಯುತ್ತಿನದೇ ತಕರಾರು. ಪೋರ್ಟಿನ ಒಳಗಿನ ಪ್ಲಾಸ್ಟಿಕ್ ನಾಲಿಗೆ ಮುರಿದು ಪಿನ್ನುಗಳು ಒಂದಕ್ಕೊಂದು ತಾಗಿದ್ದರೆ ‘ಪವರ್ ಸರ್ಜ್’ ಎಂಬ ಎಚ್ಚರಿಕೆ ಬರುತ್ತದೆ. ಪೋರ್ಟುಗಳೆಲ್ಲ ಒಂದೇ ಫ್ಯೂಸ್ ಹಂಚಿಕೊಂಡಿದ್ದರೆ, ಮುರಿದದ್ದು ಒಂದಾದರೂ ಬಂದ್ ಆಗುವುದು ಎಲ್ಲವೂ. ಅಲ್ಲಿರುವ ಫ್ಯೂಸ್ ಬಹುಮಟ್ಟಿಗೆ ಬಿಸಿಯಾದಾಗ ತಡೆದು, ತಣಿದಾಗ ತಾನೇ ಸರಿಹೋಗುವ ಜಾತಿಯದು. ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಕಾರ್ಡ್ ಮತ್ತೆ ಓಡಿದರೆ ಯಾವ ಪೋರ್ಟು ಅಪರಾಧಿ ಎಂದು ಟಾರ್ಚ್ ಹಾಕಿ ಹುಡುಕಬೇಕು.

ಡ್ರೈವರ್ ಕಡೆಗೆ ಈಗ ಬರಬಹುದು. ಹಳದಿ ಗುರುತಿನ ಹಿಂದೆ ಒಂದು ಕೋಡ್ ಸಂಖ್ಯೆ ಇರುತ್ತದೆ, ಅದನ್ನು ಓದದೆ ಮುಂದೆ ಹೋಗುವುದು ಥರ್ಮಾಮೀಟರ್ ಇಟ್ಟು ನೋಡದೆ ಜ್ವರದ ಮಾತ್ರೆ ಕೊಟ್ಟಂತೆ. ಕೋಡ್ 28 ಎಂದರೆ ಡ್ರೈವರೇ ಇಲ್ಲ. ಐಡಿ ನೋಡಿ ತಯಾರಕರದನ್ನು ತಂದು ಹಾಕಬೇಕು. ಕೋಡ್ 39 ಎಂದರೆ ಡ್ರೈವರ್ ಕಡತ ಕೆಟ್ಟಿದೆ ಅಥವಾ ಕಾಣೆಯಾಗಿದೆ. ಕೋಡ್ 52 ಎಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. ಸಹಿ ಪರೀಕ್ಷೆಯನ್ನೇ ಬಂದ್ ಮಾಡಿ ಡ್ರೈವರ್ ತುಂಬುವ ಉಪಾಯ ಎಲ್ಲರಿಗೂ ಗೊತ್ತಿದೆ. ಗ್ರಾಹಕರ ಸಿಸ್ಟಮ್ಮಿನಲ್ಲಿ ಹಾಗೆ ಮಾಡಿ ಬಿಟ್ಟುಬರುವುದು ಬಾಗಿಲಿನ ಚಿಲಕ ಕಿತ್ತಿಟ್ಟು ಬಂದಷ್ಟೇ ತಪ್ಪು. ಕೋಡ್ 10 ಮತ್ತು 43 ಹೆಚ್ಚು ಗಮನ ಬೇಡುವಂಥವು. ಇಲ್ಲಿ ಮೊದಲು ಕೇಳಬೇಕಾದದ್ದು, ಆ ಕೋಡ್ ಯಾರ ಹೆಸರಿನ ಮುಂದಿದೆ ಎಂದು. ಕೋಡ್ 43 ‘ಅಪರಿಚಿತ ಯುಎಸ್‌ಬಿ ಸಾಧನ’ ಎಂಬುದರ ಮುಂದೆ ಇದ್ದರೆ ಕಾರ್ಡ್ ನಿರಪರಾಧಿ ಇರುವ ಸಂಭವವೇ ಹೆಚ್ಚು. ಯಾವುದೇ ಸಾಧನ ಹಾಕಿದೊಡನೆ ಕಂಟ್ರೋಲರ್ ಅದನ್ನು ‘ನೀನು ಯಾರು?’ ಎಂದು ಕೇಳುತ್ತದೆ. ಸಾಧನ 18 ಬೈಟುಗಳ ಒಂದು ವಿವರಣೆ ಕೊಡಬೇಕು. ಅದು ಬರಲಿಲ್ಲ ಎಂಬುದೇ ಈ ಕೋಡಿನ ಅರ್ಥ. ಕೆಟ್ಟ ಕೇಬಲ್, ಸಡಿಲ ಪೋರ್ಟು, ಸತ್ತ ಪೆನ್‌ಡ್ರೈವ್, ಕಡಿಮೆ ವೋಲ್ಟೇಜ್ ಯಾವುದೂ ಕಾರಣವಿರಬಹುದು. ಚಾರ್ಜರಿನ ಜೊತೆ ಬರುವ ಕೆಲವು ಕೇಬಲ್ಲುಗಳಲ್ಲಂತೂ ದತ್ತಾಂಶದ ವೈರುಗಳೇ ಇರುವುದಿಲ್ಲ. ಅವುಗಳಿಂದ ಪ್ರಿಂಟರ್ ಜೋಡಿಸಿದರೆ ಯಾವ ಕೋಡೂ ಬಾರದೆ ಬರೀ ಮೌನ.

ಕೋಡ್ 10 ಕಂಟ್ರೋಲರಿನ ಹೆಸರಿನ ಮುಂದೆಯೇ ಇದ್ದರೆ ಡ್ರೈವರ್ ಇದೆ, ಚಿಪ್ಪನ್ನು ಎಬ್ಬಿಸಲು ಅದಕ್ಕೆ ಆಗುತ್ತಿಲ್ಲ ಎಂದರ್ಥ. ತಯಾರಕರ ಹಳೆಯ ಡ್ರೈವರನ್ನು ‘ಅನ್‌ಇನ್‌ಸ್ಟಾಲ್’ ಮಾಡುವಾಗ ಡ್ರೈವರ್ ಕಡತಗಳನ್ನೂ ಅಳಿಸುವ ಚೌಕಕ್ಕೆ ಗುರುತು ಹಾಕಿ ತೆಗೆದು, ಹಾರ್ಡ್‌ವೇರ್ ಮರುಹುಡುಕಾಟ ಮಾಡಿದರೆ ವಿಂಡೋಸಿನ ಸ್ವಂತ ಡ್ರೈವರ್ ಬಂದು ಕೂರುತ್ತದೆ. ಬಹಳಷ್ಟು ಪ್ರಸಂಗಗಳು ಇಲ್ಲಿಗೇ ಮುಗಿಯುತ್ತವೆ. ಅಪ್‌ಡೇಟ್ ಆದ ಮಾರನೆಯ ದಿನ ಶುರುವಾದ ತೊಂದರೆಗೆ ‘ರೋಲ್‌ಬ್ಯಾಕ್’ ಗುಂಡಿಯೇ ಮದ್ದು. ಇಷ್ಟಾದರೂ ಕೋಡ್ 10 ಹೋಗದಿದ್ದರೆ ಫರ್ಮ್‌ವೇರಿನ ಕಡೆ ಅನುಮಾನ ತಿರುಗಬೇಕು.

ರೆನೆಸಾಸ್‌ನ 720201, 720202 ಎಂಬ ಚಿಪ್ಪುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲನೆಯದಕ್ಕೆ ನಾಲ್ಕು ಪೋರ್ಟು, ಎರಡನೆಯದಕ್ಕೆ ಎರಡು. ಈ ಚಿಪ್ಪುಗಳಿಗೆ ಪ್ರತಿ ಸಲ ಆನ್ ಆದಾಗಲೂ ಫರ್ಮ್‌ವೇರ್ ಬೇಕು. ಕಾರ್ಡ್ ತಯಾರಿಸಿದವರು ಪಕ್ಕದಲ್ಲೊಂದು ಪುಟ್ಟ ಎಂಟು ಕಾಲಿನ ರೋಮ್ ಚಿಪ್ ಬೆಸೆದಿದ್ದರೆ ಅದರಿಂದ ಓದಿಕೊಳ್ಳುತ್ತವೆ. ಖರ್ಚು ಉಳಿಸಲು ಅದನ್ನು ಬಿಟ್ಟಿದ್ದರೆ ಡ್ರೈವರೇ ಫರ್ಮ್‌ವೇರನ್ನು ತುಂಬಿಕೊಡಬೇಕು. ಅಂಥ ಕಾರ್ಡ್ ಒಂದು ಸಿಸ್ಟಮ್ಮಿನಲ್ಲಿ ತಯಾರಕರ ಡ್ರೈವರಿನೊಂದಿಗೆ ಸೊಗಸಾಗಿ ಓಡಿ, ಲಿನಕ್ಸ್ ಇರುವ ಇನ್ನೊಂದರಲ್ಲಿ ಸತ್ತಂತೆ ಬಿದ್ದಿರುತ್ತದೆ. ಲಿನಕ್ಸ್ ಕರ್ನಲ್ಲಿಗೆ ಈ ಚಿಪ್ಪುಗಳಿಗೆ ಫರ್ಮ್‌ವೇರ್ ತುಂಬುವ ಸಾಮರ್ಥ್ಯ ಬಂದದ್ದು 2020ರಲ್ಲಿ. ಆಗಲೂ ಆ ಫರ್ಮ್‌ವೇರ್ ಕಡತವನ್ನು ಬೇರೆಯಾಗಿ ತಂದು ಸರಿಯಾದ ಕಡತಕೋಶದಲ್ಲಿ ಇಡಬೇಕಾಗುತ್ತದೆ. ಫರ್ಮ್‌ವೇರ್ ಬದಲಿಸುವ ಕೆಲಸವನ್ನು ಅದೇ ಐಡಿಯ ಚಿಪ್ಪಿಗೆಂದು ಕೊಟ್ಟ ಕಡತದಿಂದ, ಯುಪಿಎಸ್ ಮೇಲೆ ಮಾತ್ರ ಮಾಡಬೇಕು. ನಡುವೆ ಕರೆಂಟ್ ಹೋದರೆ ಕಾರ್ಡ್ ನಿಜಕ್ಕೂ ಹೋಗುತ್ತದೆ.

ಆಗಾಗ ಬಂದು ಹೋಗುವ ದೋಷಗಳೇ ಹೆಚ್ಚು ಕಾಡುತ್ತವೆ. ಡಿಜಿಟಲ್ ಸಹಿಯ ಡಾಂಗಲ್ ಬೆಳಿಗ್ಗೆ ಕೆಲಸ ಮಾಡಿ, ಊಟ ಮುಗಿಸಿ ಬರುವಷ್ಟರಲ್ಲಿ ಮಾಯವಾಗಿರುತ್ತದೆ. ಇದು ಬಹುಮಟ್ಟಿಗೆ ವಿದ್ಯುತ್ ಉಳಿತಾಯದ ಕಿತಾಪತಿ. ವಿಂಡೋಸ್ ಕೆಲಸವಿಲ್ಲದ ಪೋರ್ಟನ್ನು ಮಲಗಿಸುತ್ತದೆ, ಕೆಲವು ಚಿಪ್ಪುಗಳಿಗೆ ಮರಳಿ ಏಳಲು ಬರುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ರೂಟ್ ಹಬ್ಬಿನ ಪವರ್ ಮ್ಯಾನೇಜ್‌ಮೆಂಟ್ ವಿಭಾಗದ ಗುರುತನ್ನು ತೆಗೆಯಬೇಕು, ಪವರ್ ಪ್ಲಾನಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಮತ್ತು ಪಿಸಿಐ ಎಕ್ಸ್‌ಪ್ರೆಸ್ ಲಿಂಕ್ ಸ್ಟೇಟ್ ಎರಡನ್ನೂ ಆಫ್ ಮಾಡಬೇಕು. ಇನ್ನೊಂದು ವಿಚಿತ್ರ, ಶಟ್‌ಡೌನ್ ಮಾಡಿ ಆನ್ ಮಾಡಿದರೆ ಹೋಗದ ದೋಷ ರೀಸ್ಟಾರ್ಟ್ ಮಾಡಿದರೆ ಹೋಗುವುದು. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಇರುವ ಸಿಸ್ಟಮ್ಮಿನಲ್ಲಿ ಶಟ್‌ಡೌನ್ ಎಂಬುದು ಪೂರ್ಣ ಶಟ್‌ಡೌನ್ ಅಲ್ಲ. ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮರುದಿನ ಹಾಗೆಯೇ ಎತ್ತಿಕೊಳ್ಳುತ್ತದೆ. ಕೆಟ್ಟ ಸ್ಥಿತಿಯೂ ಹಾಗೆಯೇ ಮರಳುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ. ಯುಎಸ್‌ಬಿ 3.0 ಡಿಸ್ಕ್ ಹಾಕಿದಾಗ ವೈರ್‌ಲೆಸ್ ಮೌಸ್ ತಡವರಿಸುವುದು ಡ್ರೈವರಿನ ತಪ್ಪಲ್ಲ. 3.0 ಸಂಕೇತದ ಗದ್ದಲ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿ ಮಾಡುತ್ತದೆ. ಇಂಟೆಲ್ 2012ರಲ್ಲೇ ಇದನ್ನು ವಿವರಿಸಿದೆ. ಮೌಸಿನ ರಿಸೀವರನ್ನು ಎಕ್ಸ್‌ಟೆನ್ಷನ್ ವೈರಿನಿಂದ ದೂರ ತಂದರೆ ಸಾಕು.

ವೇಗದ ದೂರಿಗೆ ಎರಡೇ ಮಾತು. ನೀಲಿ ಪೋರ್ಟಿನಲ್ಲಿ ಹಳೆಯ ನಾಲ್ಕು ಪಿನ್ನುಗಳ ಜೊತೆ ಹಿಂದೆ ಐದು ಹೊಸ ಪಿನ್ನುಗಳಿವೆ. ಅವು ತಾಗದಿದ್ದರೆ ಸಾಧನ ಸದ್ದಿಲ್ಲದೆ 480 ಮೆಗಾಬಿಟ್ಟಿಗೆ ಇಳಿದು ಓಡುತ್ತದೆ. ಕಾರ್ಡ್ ಕೂತ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ ಮೊದಲ ಪೀಳಿಗೆಯದಾದರೆ ಒಂದು ಲೇನಿನಲ್ಲಿ ಸೆಕೆಂಡಿಗೆ 250 ಮೆಗಾಬೈಟಿಗಿಂತ ಹೆಚ್ಚು ಹರಿಯುವುದೇ ಇಲ್ಲ, ಕಾರ್ಡ್ ಎಷ್ಟೇ ದುಬಾರಿಯದಿರಲಿ.

ಡ್ರೈವರೋ ಹಾರ್ಡ್‌ವೇರೋ ಎಂಬ ಅನುಮಾನ ಬಗೆಹರಿಯದಿದ್ದಾಗ ನಂಬಬಹುದಾದ ಪರೀಕ್ಷೆಯೊಂದಿದೆ. ಉಬುಂಟುವಿನಂಥ ಲಿನಕ್ಸ್ ಇರುವ ಪೆನ್‌ಡ್ರೈವನ್ನು ಮದರ್‌ಬೋರ್ಡಿನ ಪೋರ್ಟಿಗೆ ಹಾಕಿ, ಡಿಸ್ಕಿಗೆ ಇನ್‌ಸ್ಟಾಲ್ ಮಾಡದೆ ನೇರವಾಗಿ ಅದರಿಂದಲೇ ಸಿಸ್ಟಮ್ ಏರಿಸುವುದು. ಅಲ್ಲಿ ಕಾರ್ಡಿನ ಪೋರ್ಟುಗಳು ಸರಿಯಾಗಿ ಓಡಿದರೆ ಕಾರ್ಡ್ ಕೆಟ್ಟಿಲ್ಲ, ವಿಂಡೋಸಿನ ಕಡೆ ತೊಂದರೆ. ಓಡದಿದ್ದರೂ ಕರ್ನಲ್ಲಿನ ದಿನಚರಿಯಲ್ಲಿ ಕಾರಣ ಬಹುಮಟ್ಟಿಗೆ ಸಿಗುತ್ತದೆ: ಸಾಧನದ ವಿವರಣೆ ಓದುವಾಗ -110 ಎಂದು ಬಂದರೆ ಉತ್ತರ ಸಮಯಕ್ಕೆ ಬರಲಿಲ್ಲ, -71 ಎಂದರೆ ಬಂದ ಸಂಕೇತ ಕೆಟ್ಟಿತ್ತು, ಎರಡೂ ಮೊದಲು ಕೇಬಲ್ಲಿನ, ವಿದ್ಯುತ್ತಿನ ಕಡೆ ಬೆರಳು ತೋರಿಸುತ್ತವೆ. ಕಂಟ್ರೋಲರ್ ಉತ್ತರಿಸುತ್ತಿಲ್ಲ, ಸತ್ತಿದೆ ಎಂದು ಭಾವಿಸಲಾಗಿದೆ ಎಂಬ ಸಾಲು ಪದೇಪದೇ ಬಂದರೆ ಚಿಪ್ಪೇ ಕುಸಿಯುತ್ತಿದೆ. ರೆನೆಸಾಸ್ ಚಿಪ್ಪಿನ ಫರ್ಮ್‌ವೇರ್ ಸಂಗತಿಯನ್ನು ಮಾತ್ರ ಇಲ್ಲಿ ಮರೆಯಬಾರದು.

ಇದೆಲ್ಲಕ್ಕೂ ಬದಲಾಗಿ ‘ಡ್ರೈವರ್ ಅಪ್‌ಡೇಟರ್’ ಎಂಬ ತಂತ್ರಾಂಶಗಳನ್ನು, ಸಾವಿರಾರು ಡ್ರೈವರುಗಳ ಮೂಟೆಗಳನ್ನು ಬಳಸುವ ರೂಢಿ ಬೆಳೆದಿದೆ. ಅವು ಸರಿಯಿದ್ದ ಡ್ರೈವರುಗಳನ್ನೂ ಬದಲಿಸುತ್ತವೆ, ಬೇಡದ ಜಾಹೀರಾತು ತಂತ್ರಾಂಶಗಳನ್ನೂ ಜೊತೆಗೆ ತರುತ್ತವೆ. ಏನು ಬದಲಾಯಿತು ಎಂಬುದು ಆಮೇಲೆ ಯಾರಿಗೂ ಗೊತ್ತಿರುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸುವವರಿಗೆ ಇವು ಬೇಡ.

ಈ ಪತ್ರ ಕೋರುವುದು ಮೂರು ಸಣ್ಣ ಸಂಗತಿ. ಫಾರ್ಮ್ಯಾಟ್ ಮಾಡುವ ಮುನ್ನ ಕಾರ್ಡಿನ ಹಾರ್ಡ್‌ವೇರ್ ಐಡಿ ಮತ್ತು ಕೋಡ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕಾರ್ಡಿಗೆ ಪವರ್ ವೈರು ಸಿಕ್ಕಿಸಿದೆಯೇ ಎಂದು ಕ್ಯಾಬಿನೆಟ್ ತೆರೆದು ನೋಡಿ. ಹೊಸ ಕಾರ್ಡ್ ಹಾಕಲೇಬೇಕಾಗಿ ಬಂದರೆ, ತೆಗೆದ ಹಳೆಯ ಕಾರ್ಡನ್ನು, ಅದರಲ್ಲಿ ಕಂಡ ದೋಷವನ್ನು ಬಿಲ್ಲಿನ ಮೇಲೆ ಬರೆದು, ಗ್ರಾಹಕರ ಕೈಗೆ ಮರಳಿ ಕೊಡಿ.